ಸ್ಥಿತೀಕರಣಾಂಗ ಮತ್ತು ವಾರಿಷೇಣ ಕುಮಾರನ ಸ್ಮರಣೆ

ಸಮ್ಯಗ್ದರ್ಶನಕ್ಕೆ ನಿಃಶಂಕಿತ, ನಿಃಕಾಂಕ್ಷಿತ, ನಿರ್ವಿಚಿಕಿತ್ಸಾ, ಅಮೂಢದೃಷ್ಟಿ, ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ, ಪ್ರಭಾವನೆ ಎಂದು ಎಂಟು ಅಂಗಗಳನ್ನು ಆಚಾರ್ಯರು ಹೇಳಿರುವರು. ಇವುಗಳಲ್ಲಿ ಒಂದು ಕಡಿಮೆಯಾದರೂ ದರ್ಶನವು ಅಂಗಹೀನವಾಗುತ್ತದೆ. ಅಕ್ಷರ ತಪ್ಪಿದ ಮಂತ್ರವು ವಿಷವನ್ನು ಇಳಿಸಲಾರದು. ಹಾಗೆಯೇ ಅಂಗಹೀನವಾದ ದರ್ಶನವು ಜನ್ಮಪರಂಪರೆಯನ್ನು ಕಡಿಯಲಾರದು ಎಂಬುದು ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟಿರುವ ಎಚ್ಚರಿಕೆ.

ಮೊದಲಿನ ನಾಲ್ಕು ಅಂಗಗಳು ಮುಖ್ಯವಾಗಿ ತನ್ನನ್ನು ತಾನು ತಿದ್ದಿಕೊಳ್ಳುವುದಕ್ಕೆ ಸಂಬಂಧಿಸಿದವು. ಉಳಿದ ನಾಲ್ಕು ಪಕ್ಕದಲ್ಲಿರುವವನ ಕಡೆಗೆ ದೃಷ್ಟಿಯನ್ನು ತಿರುಗಿಸುವಂಥವು. ನೋಂಪಿ, ಉಪವಾಸ, ಏಕಾಶನಗಳನ್ನು ತಪ್ಪದೆ ನಡೆಸಿಕೊಂಡು ಬರುವ ಮನೆತನಗಳಲ್ಲಿಯೂ ಕಡೆಯ ನಾಲ್ಕು ಅಂಗಗಳಿಗೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ. ವಿಶೇಷವಾಗಿ ಆರನೆಯದಾದ ಸ್ಥಿತೀಕರಣವು ಪಾಠ ಒಪ್ಪಿಸುವ ಮಕ್ಕಳ ನಾಲಗೆಯ ಮೇಲೆ ಮಾತ್ರ ಉಳಿದಿದೆ. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ಧರ್ಮವತ್ಸಲರು ಮತ್ತೆ ಅದರಲ್ಲಿಯೇ ನಿಲ್ಲಿಸುವುದು ಸ್ಥಿತೀಕರಣ. ಜಾರಿದವನನ್ನು ನಿಂದಿಸುವುದು ಸ್ಥಿತೀಕರಣವಲ್ಲ. ಅವನು ಜಾರಿಯೇ ಇಲ್ಲವೆಂಬಂತೆ ನಟಿಸುವುದೂ ಸ್ಥಿತೀಕರಣವಲ್ಲ.

ಈ ಅಂಗಕ್ಕೆ ಶಾಸ್ತ್ರವು ಕೊಡುವ ದೃಷ್ಟಾಂತವು ಒಬ್ಬ ಯುವಕನದು. ರಾಜಗೃಹದ ಶ್ರೇಣಿಕ ಮಹಾರಾಜನಿಗೂ ಚೇಲನಾ ಮಹಾದೇವಿಗೂ ಮಗನಾದ ವಾರಿಷೇಣ ಕುಮಾರನೇ ಅವನು. ಮುಳುಗುಂದದ ನಯಸೇನನು ಹನ್ನೆರಡನೆಯ ಶತಮಾನದ ಆರಂಭದಲ್ಲಿ ರಚಿಸಿದ ಧರ್ಮಾಮೃತದಲ್ಲಿ ಅಷ್ಟಾಂಗಗಳ ಕಥೆಗಳನ್ನು ಕನ್ನಡದ ಶ್ರಾವಕರಿಗೆ ತಿಳಿಯುವಂತೆ ಹೇಳಿದನು. ಆ ಕಥೆಯನ್ನು ಇಂದು ಮತ್ತೆ ಸ್ಮರಿಸಬೇಕಾದ ಕಾರಣವು ದೂರದಲ್ಲಿಲ್ಲ. ಶ್ರಾವಕರ ಮಕ್ಕಳು ಬದುಕನ್ನು ಅರಸಿ ಹೋಗಿರುವ ಊರುಗಳಲ್ಲಿಯೇ ಇದೆ.

ಬೆಂಗಳೂರಿನ ಪೂರ್ವ ಭಾಗದ ಬ್ರೂಕ್‌ಫೀಲ್ಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ತಲೆಮಾರಿನ ಹಿಂದೆ ಕುಂದಲಹಳ್ಳಿ, ವೈಟ್‌ಫೀಲ್ಡ್‌ಗಳ ಸುತ್ತಮುತ್ತ ಹೊಲ, ತೋಪು, ಕೆರೆಗಳಿದ್ದವು. 1990ರ ದಶಕದ ಕೊನೆಯಲ್ಲಿ ಐ.ಟಿ.ಪಿ.ಎಲ್. ಎಂದು ಜನ ಕರೆಯುವ ತಂತ್ರಜ್ಞಾನ ಪಾರ್ಕು ಅಲ್ಲಿಗೆ ಬಂದಿತು. ಅದರ ಹಿಂದೆಯೇ ಕಂಪೆನಿಗಳು, ಬಹುಮಹಡಿ ವಸತಿಗಳು, ಬಾಡಿಗೆ ಕೋಣೆಗಳು ಬಂದವು. 2023ರ ಮಾರ್ಚ್ ತಿಂಗಳಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ರೈಲು ಓಡಲಾರಂಭಿಸಿತು. ಬೆಳಗಾವಿ, ಧಾರವಾಡ, ಹಾಸನ, ಶಿವಮೊಗ್ಗ, ಕಾರ್ಕಳ, ಮೂಡುಬಿದಿರೆಗಳ ಕಡೆಯಿಂದ ಓದಿದ ತರುಣ ತರುಣಿಯರು ಇಂಥ ಬಡಾವಣೆಗಳಲ್ಲಿ ನೆಲೆಸಿರುವರು. ಪರದೇಶದ ಗಡಿಯಾರಕ್ಕೆ ಹೊಂದಿಕೊಂಡು ಇರುಳೆಲ್ಲ ಕೆಲಸ ಮಾಡುವವನಿಗೆ ಮೊದಲು ಸಡಿಲುವುದು ರಾತ್ರಿಭೋಜನತ್ಯಾಗ. ಆಮೇಲೆ ಜಿನದರ್ಶನದ ನಿತ್ಯನಿಯಮ ಬಿಟ್ಟುಹೋಗುತ್ತದೆ. ಶುಕ್ರವಾರದ ಸಂಜೆ ಜೊತೆಯವರು ಬಟ್ಟಲನ್ನು ಮುಂದೆ ಹಿಡಿದಾಗ, ಒಲ್ಲೆನೆಂದರೆ ತಾನೊಬ್ಬನೇ ಬೇರೆಯವನಾಗಿ ಕಾಣುವೆನೆಂಬ ಸಂಕೋಚವು ಒಂದು ದಿನ ಗೆಲ್ಲುತ್ತದೆ. ಊರಿನಲ್ಲಿ ತಾಯಿಯು ಮಗನ ಕ್ಷೇಮಕ್ಕಾಗಿ ಅನಂತ ನೋಂಪಿಯನ್ನು ಹಿಡಿದಿರುತ್ತಾಳೆ. ಮಗನು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುಡಿಯುತ್ತಿರುತ್ತಾನೆ. ಹೀಗೆ ಜಾರಿದವರು ಅನೇಕರಲ್ಲದಿರಬಹುದು. ಆದರೆ ಒಬ್ಬನಿದ್ದರೂ ಅವನು ಯಾರದೋ ಮನೆಯ ದೀಪವಷ್ಟೆ.

ಮದ್ಯದ ವಿಷಯದಲ್ಲಿ ಶ್ರಾವಕಾಚಾರವು ಯಾವ ಸಂದೇಹಕ್ಕೂ ಎಡೆಗೊಟ್ಟಿಲ್ಲ. ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣಗಳಲ್ಲಿ ಸೇರಿದೆ. ಸಪ್ತವ್ಯಸನಗಳಲ್ಲಿಯೂ ಮದ್ಯವು ಎಣಿಕೆಗೊಂಡಿದೆ. ಅದು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನವಾದುದರಿಂದ ಹಿಂಸೆಗೂ, ಬುದ್ಧಿಯನ್ನು ಮಂಕುಮಾಡುವುದರಿಂದ ಇತರ ಪಾಪಗಳಿಗೂ ಬಾಗಿಲಾಗುತ್ತದೆ. ಮದ್ಯದಿಂದ ಮತ್ತರಾದ ಯಾದವ ಕುಮಾರರು ದ್ವೈಪಾಯನನನ್ನು ಕೆಣಕಿ ದ್ವಾರಾವತಿಯ ದಹನಕ್ಕೆ ಕಾರಣರಾದ ಕಥೆಯನ್ನು ಕೇಳದ ಜೈನ ಮನೆಯಿಲ್ಲ.

ಆದರೆ ಇದೇ ಶಾಸ್ತ್ರದಲ್ಲಿ ಇನ್ನೊಂದು ಮಾತೂ ಇದೆ. ಗೊಮ್ಮಟಸಾರದ ಕರ್ಮಕಾಂಡದಲ್ಲಿ ನೇಮಿಚಂದ್ರಾಚಾರ್ಯರು ಎಂಟು ಕರ್ಮಗಳಿಗೆ ಎಂಟು ಉಪಮಾನಗಳನ್ನು ಕೊಟ್ಟಿರುವರು. ಜ್ಞಾನಾವರಣಕ್ಕೆ ಪರದೆ, ದರ್ಶನಾವರಣಕ್ಕೆ ದ್ವಾರಪಾಲಕ, ವೇದನೀಯಕ್ಕೆ ಜೇನು ಸವರಿದ ಖಡ್ಗದ ಅಲಗು. ಕರ್ಮಗಳ ರಾಜನೆನಿಸಿದ ಮೋಹನೀಯಕ್ಕೆ ಉಪಮಾನವೇನು? ಮದ್ಯ. ಕುಡಿದವನು ಹಿತಾಹಿತವನ್ನು ಅರಿಯದಂತೆ ಮೋಹನೀಯದ ಉದಯದಲ್ಲಿ ಜೀವನು ತನ್ನ ಸ್ವರೂಪವನ್ನು ಅರಿಯನು. ಹಾಗಿದ್ದ ಮೇಲೆ, ಮೋಹನೀಯವು ಕ್ಷಯವಾಗದಿರುವ ಸಂಸಾರಿಗಳೆಲ್ಲರೂ ಒಂದು ಬಗೆಯ ಅಮಲಿನಲ್ಲಿಯೇ ಇರುವವರು. ಒಬ್ಬನದು ಬಟ್ಟಲಿನ ಅಮಲು, ಮತ್ತೊಬ್ಬನದು ಧನದ ಅಮಲು, ಇನ್ನೊಬ್ಬನದು ತನ್ನ ವ್ರತನಿಷ್ಠೆಯ ಹೆಮ್ಮೆಯ ಅಮಲು. ಈ ಭಾವನೆಯುಳ್ಳ ಶ್ರಾವಕನಿಗೆ ಕುಡುಕನ ಮೇಲೆ ತಿರಸ್ಕಾರ ಹುಟ್ಟಲಾರದು. ತಿರಸ್ಕಾರವು ಹೋದ ಸ್ಥಳದಲ್ಲಿಯೇ ಸ್ಥಿತೀಕರಣಕ್ಕೆ ಎಡೆ ದೊರೆಯುವುದು.

ಇನ್ನು ವಾರಿಷೇಣನ ಕಥೆ. ಅವನು ರಾಜಪುತ್ರನಾಗಿದ್ದಾಗಲೇ ಉತ್ತಮ ಶ್ರಾವಕನು. ಒಂದು ಚತುರ್ದಶಿಯ ರಾತ್ರಿ ಉಪವಾಸವಿದ್ದು ಶ್ಮಶಾನದಲ್ಲಿ ಕಾಯೋತ್ಸರ್ಗದಲ್ಲಿ ನಿಂತಿದ್ದನು. ವಿದ್ಯುಚ್ಚೋರನೆಂಬ ಕಳ್ಳನು ಮಗಧಸುಂದರಿಯೆಂಬ ಗಣಿಕೆಯ ಆಸೆಯನ್ನು ತೀರಿಸಲೆಂದು ಶ್ರೇಷ್ಠಿಯ ಮನೆಯಿಂದ ಹಾರವನ್ನು ಕದ್ದು ಓಡಿ ಬರುತ್ತಿದ್ದನು. ಹಾರದ ಕಾಂತಿಯನ್ನು ಕಂಡು ತಳವಾರರು ಬೆನ್ನಟ್ಟಿದರು. ಕಳ್ಳನು ದಿಕ್ಕುಗಾಣದೆ ಅದನ್ನು ಕುಮಾರನ ಮುಂದೆ ಎಸೆದು ಮರೆಯಾದನು. ಸುದ್ದಿಯನ್ನು ಕೇಳಿದ ಶ್ರೇಣಿಕನು ಮಗನೆಂದು ನೋಡದೆ ಶಿರಚ್ಛೇದಕ್ಕೆ ಆಜ್ಞೆಯಿತ್ತನು. ಬೀಸಿದ ಖಡ್ಗವು ಕುಮಾರನ ಕೊರಳಿನಲ್ಲಿ ಹೂಮಾಲೆಯಾಯಿತು. ಸತ್ಯವು ಹೊರಬಿದ್ದ ಮೇಲೆ ತಂದೆಯು ಬಂದು ಕ್ಷಮೆ ಬೇಡಿ ಅರಮನೆಗೆ ಕರೆದರೂ ವಾರಿಷೇಣನು ಹಿಂದಿರುಗಲಿಲ್ಲ, ದೀಕ್ಷೆಯನ್ನು ಕೈಕೊಂಡನು.

ವಾರಿಷೇಣನ ದೃಢತೆ ಇಷ್ಟಕ್ಕೇ ಮುಗಿದಿದ್ದರೆ ಅವನು ಉಪಸರ್ಗವನ್ನು ಸಹಿಸಿದ ಅನೇಕ ಮಹಾಪುರುಷರಲ್ಲಿ ಒಬ್ಬನಾಗಿರುತ್ತಿದ್ದನು. ಅವನನ್ನು ಸ್ಥಿತೀಕರಣಕ್ಕೆ ದೃಷ್ಟಾಂತವಾಗಿಸಿದ್ದು ಮುಂದಿನ ಭಾಗ. ಪಲಾಶಕೂಟವೆಂಬ ಗ್ರಾಮದಲ್ಲಿ ಮಂತ್ರಿಯ ಮಗನೂ ತನ್ನ ಬಾಲ್ಯಸ್ನೇಹಿತನೂ ಆದ ಪುಷ್ಪಡಾಲನು ಮುನಿಗೆ ಆಹಾರದಾನ ಮಾಡಿ, ಸ್ವಲ್ಪ ದೂರ ಕಳುಹಿಸಿ ಬರಲೆಂದು ಜೊತೆಗೆ ಹೊರಟನು. ದಾರಿಯುದ್ದಕ್ಕೂ ಹಿಂದಿರುಗುವ ನೆಪವನ್ನು ಹುಡುಕುತ್ತಲೇ ನಡೆದವನು ಕೊನೆಗೆ ಸ್ನೇಹದ ದಾಕ್ಷಿಣ್ಯದಿಂದ ದೀಕ್ಷೆ ಪಡೆದನು. ವೇಷವು ಮುನಿಯದಾಯಿತು, ಮನಸ್ಸು ಮಾತ್ರ ಹೆಂಡತಿ ಸೋಮಿಲೆಯಲ್ಲಿಯೇ ಉಳಿಯಿತು. ಹೀಗೆ ಹನ್ನೆರಡು ವರ್ಷ ಕಳೆದವು. ವರ್ಧಮಾನಸ್ವಾಮಿಯ ಸಮವಸರಣದಲ್ಲಿ ಗಂಧರ್ವರ ವಿರಹಗೀತವೊಂದು ಕಿವಿಗೆ ಬಿದ್ದಾಗ ಅದು ತನ್ನನ್ನೂ ಸೋಮಿಲೆಯನ್ನೂ ಕುರಿತದ್ದೆಂದೇ ಅವನಿಗೆ ತೋರಿತು. ವ್ರತವನ್ನು ಬಿಟ್ಟು ಮನೆಗೆ ಹೊರಟನು.

ವಾರಿಷೇಣನು ಅದನ್ನು ಅರಿತನು. ಅರಿತೂ ಸಂಘದ ನಡುವೆ ಅವನ ಹೆಸರು ಹೇಳಿ ಕೂಗಲಿಲ್ಲ. ಹೋಗುವವನು ಹೋಗಲೆಂದು ಸುಮ್ಮನೆ ಕೂಡಲೂ ಇಲ್ಲ. ಅವನನ್ನು ಜೊತೆಯಲ್ಲಿ ಕರೆದುಕೊಂಡು ತಾನು ಬಿಟ್ಟುಬಂದ ಅರಮನೆಗೇ ನಡೆದನು. ಮಗನು ಬರುವುದನ್ನು ಕಂಡ ಚೇಲನಾದೇವಿಗೆ, ಇವನು ಚಾರಿತ್ರದಿಂದ ಚಲಿಸಿದನೇ ಎಂಬ ಶಂಕೆ ಹುಟ್ಟಿತು. ಅವಳು ಬಾಗಿಲನ್ನು ಮುಚ್ಚಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ರಾಗಿಗಳಿಗೆ ಯೋಗ್ಯವಾದುದೊಂದು, ವೀತರಾಗಿಗಳಿಗೆ ಯೋಗ್ಯವಾದುದೊಂದು, ಹೀಗೆ ಎರಡು ಆಸನಗಳನ್ನು ಇರಿಸಿದಳು. ವಾರಿಷೇಣನು ವೀತರಾಗಾಸನದಲ್ಲಿ ಕುಳಿತನು. ಬಳಿಕ ತನ್ನ ಮೂವತ್ತೆರಡು ಮಂದಿ ರಾಣಿಯರನ್ನು ಸರ್ವಾಭರಣಭೂಷಿತರಾಗಿ ಬರಹೇಳಿದನು. ಇವರನ್ನೂ ತನ್ನ ಯುವರಾಜ ಪದವಿಯನ್ನೂ ಬೇಕಾದರೆ ಪುಷ್ಪಡಾಲನೇ ಸ್ವೀಕರಿಸಲೆಂದನು. ಇಷ್ಟನ್ನೆಲ್ಲ ತೃಣದಂತೆ ಬಿಟ್ಟವನ ಎದುರಿಗೆ ತಾನು ಹನ್ನೆರಡು ವರ್ಷ ಯಾವುದನ್ನು ಹಿಡಿದುಕೊಂಡಿದ್ದೆನೆಂಬುದು ಪುಷ್ಪಡಾಲನಿಗೆ ಆಗ ಕಂಡಿತು. ಲಜ್ಜೆಯಿಂದ ವೈರಾಗ್ಯವು ಹುಟ್ಟಿ, ಅಂದಿನಿಂದ ಅವನು ನಿಜವಾದ ತಪಸ್ಸಿನಲ್ಲಿ ನಿಂತನು.

ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಜಾರುತ್ತಿದ್ದವನನ್ನು ಎತ್ತಿದವನು ರಾಜನಲ್ಲ, ದಂಡಾಧಿಕಾರಿಯಲ್ಲ. ಅವನೊಡನೆ ಆಡಿ ಬೆಳೆದ ಸಮವಯಸ್ಕನು. ಎರಡನೆಯದು, ವಾರಿಷೇಣನು ದೂರದಿಂದ ಉಪದೇಶ ಮಾಡದೆ, ಜಾರುತ್ತಿದ್ದವನ ದಾರಿಯಲ್ಲಿ ತಾನೂ ಒಂದಷ್ಟು ದೂರ ನಡೆದನು. ಹಾಗೆ ನಡೆದಾಗ ತಾಯಿಯೇ ತನ್ನನ್ನು ಶಂಕಿಸಿದರೂ ಅವನು ಹಿಂಜರಿಯಲಿಲ್ಲ. ಮೂರನೆಯದು, ಹನ್ನೆರಡು ವರ್ಷ. ಮನಸ್ಸು ಒಂದು ದಿನದಲ್ಲಿ ತಿರುಗದೆಂಬುದನ್ನು ತಿಳಿದವನಿಗೆ ಮಾತ್ರ ಇಂಥ ತಾಳ್ಮೆ ಸಾಧ್ಯ.

ಇಲ್ಲಿ ಧರ್ಮಬಂಧುಗಳು ವಿಚಾರಿಸಬೇಕಾದ ಒಂದು ಸೂಕ್ಷ್ಮವಿದೆ. ಐದನೆಯ ಅಂಗವಾದ ಉಪಗೂಹನವು ದೋಷವನ್ನು ಮುಚ್ಚಬೇಕೆನ್ನುತ್ತದೆ. ಮನೆಯ ಮಗನು ಕುಡಿತಕ್ಕೆ ಬಿದ್ದಾಗ ಅನೇಕ ಹಿರಿಯರು ಈ ಅಂಗದ ಮರೆಯಲ್ಲಿಯೇ ನಿಲ್ಲುವರು. ಕುಲದ ಗೌರವ, ತಂಗಿಯ ವಿವಾಹ, ಬಸದಿಯಲ್ಲಿ ನಾಲ್ಕು ಜನರ ಮುಖ ನೋಡಬೇಕಾದ ಸಂಕೋಚ, ಇವೆಲ್ಲ ಸೇರಿ ಬಾಯಿಗೆ ಬೀಗ ಹಾಕುತ್ತವೆ. ಆದರೆ ಉಪಗೂಹನಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತ ಶ್ರೇಷ್ಠಿಯು ಮಾಡಿದುದೇನು? ಕ್ಷುಲ್ಲಕ ವೇಷದ ಕಳ್ಳನು ಚೈತ್ಯಾಲಯದ ವೈಡೂರ್ಯವನ್ನು ಕದ್ದು ಸಿಕ್ಕಿಬಿದ್ದಾಗ, ಅದನ್ನು ತಾನೇ ತರಹೇಳಿದ್ದೆನೆಂದು ಜನರೆದುರು ನುಡಿದು ಧರ್ಮಕ್ಕೆ ಬರಲಿದ್ದ ಅಪವಾದವನ್ನು ತಪ್ಪಿಸಿದನು. ಅಷ್ಟಕ್ಕೆ ಬಿಡದೆ ಏಕಾಂತದಲ್ಲಿ ಆ ಕಪಟಿಯನ್ನು ಕಠಿನವಾಗಿ ಎಚ್ಚರಿಸಿ ಕಳುಹಿಸಿದನು. ಹೊರಗೆ ಮುಚ್ಚುವುದು, ಒಳಗೆ ತಿದ್ದುವುದು, ಎರಡೂ ಸೇರಿದರೆ ಉಪಗೂಹನ. ಹೊರಗೂ ಮುಚ್ಚಿ ಒಳಗೂ ಮುಚ್ಚಿದರೆ ಅದು ರೋಗವನ್ನು ಬಚ್ಚಿಟ್ಟಂತೆ. ಐದನೆಯ ಅಂಗವನ್ನು ಆರನೆಯದಕ್ಕೆ ಅಡ್ಡಗೋಡೆಯಾಗಿ ನಿಲ್ಲಿಸುವುದು ಧರ್ಮವಲ್ಲ.

ಈ ಬಚ್ಚಿಡುವಿಕೆಯ ಫಲವೇನೆಂಬುದನ್ನು ಅಂಕಿ ಅಂಶಗಳೇ ಹೇಳುತ್ತವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯಪಾನ ಮಾಡುವರು. ಅವರಲ್ಲಿ ಸುಮಾರು 2.9 ಕೋಟಿ ಜನರು ಅದಕ್ಕೆ ದಾಸರಾದವರು. ಹೀಗೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿಯ ಬಳಿಗೆ ಯಾವ ವಾರಿಷೇಣನೂ ಹೋಗಿಲ್ಲವೆಂದೇ ಇದರ ಅರ್ಥ.

ಹೋದಲ್ಲಿ ಏನಾಗುವುದೆಂಬುದಕ್ಕೂ ನಿದರ್ಶನಗಳಿವೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ, ಕುಡಿತವನ್ನು ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬವನು ವ್ಯವಹಾರದಲ್ಲಿ ಸೋತು ಮತ್ತೆ ಕುಡಿಯುವ ಅಂಚಿಗೆ ಬಂದು ನಿಂತನು. ಆಗ ಅವನು ಹುಡುಕಿದ್ದು ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ್ದ ಇನ್ನೊಬ್ಬನನ್ನು. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನು ದೊರೆತನು. ಒಬ್ಬನನ್ನು ಎತ್ತುವ ಪ್ರಯತ್ನದಲ್ಲಿ ಇನ್ನೊಬ್ಬನು ಬೀಳದೆ ಉಳಿದನು, ಇಬ್ಬರೂ ನಿಂತರು. ಅದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗವು 1957ರಲ್ಲಿ ಭಾರತಕ್ಕೂ ಬಂದಿತು. ಅಲ್ಲಿ ಯಾರ ಹೆಸರೂ ಹೊರಗೆ ಹೋಗುವುದಿಲ್ಲ, ಒಳಗೆ ಮಾತ್ರ ಯಾರೂ ಸುಳ್ಳಾಡಬೇಕಾಗಿಲ್ಲ. ಶಾಸ್ತ್ರವನ್ನು ಬಲ್ಲ ಶ್ರಾವಕನಿಗೆ ಉಪಗೂಹನವೂ ಸ್ಥಿತೀಕರಣವೂ ಒಂದೇ ಕೋಣೆಯಲ್ಲಿ ಕುಳಿತಿರುವಂತೆ ಇದು ಕಾಣದಿರದು.

ನೆರೆಯ ಚೆನ್ನೈಯಲ್ಲಿ ಟಿ. ಟಿ. ರಂಗನಾಥನ್ ಎಂಬವರು 1979ರಲ್ಲಿ, 33ನೆಯ ವಯಸ್ಸಿನಲ್ಲಿ, ಮದ್ಯವ್ಯಸನದಿಂದ ತೀರಿಕೊಂಡರು. ಹೆಸರಾಂತ ಮನೆತನ, ಬಚ್ಚಿಡುವುದು ಸುಲಭವಾಗಿತ್ತು. ಅವರ ಪತ್ನಿ ಶಾಂತಿ ರಂಗನಾಥನ್ ಅವರು ಬಚ್ಚಿಡಲಿಲ್ಲ. ಮಾರನೆಯ ವರ್ಷವೇ, 1980ರಲ್ಲಿ, ಪತಿಯ ಹೆಸರಿನಲ್ಲಿಯೇ ವ್ಯಸನಿಗಳ ಚಿಕಿತ್ಸೆಗಾಗಿ ಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ತನ್ನ ಮನೆಯ ಶೋಕವು ಇತರರ ಮನೆಯ ಅಭಯವಾಗಲೆಂದು ಬಯಸಿದ ಆ ಯುವ ಗೃಹಿಣಿಯ ಧೈರ್ಯವು ಯಾವ ಮತದವರೂ ಅನುಕರಿಸತಕ್ಕದ್ದು.

ಕನ್ನಡನಾಡಿನಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ, ಓಣಿ ಓಣಿಗೆ ಹೋದರು. ಅವರು ಬೇಡಿದ್ದು ಕಾಳು ಕಾಸುಗಳನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಅವರು ಅಗಲಿದ ಬಳಿಕ ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ದಿಗಂಬರ ಜೈನ ಮನೆತನದ ಧರ್ಮಪೀಠವಾದ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1968ರಲ್ಲಿ ಪಟ್ಟವೇರಿದಾಗ ಅವರಿಗೆ ಇಪ್ಪತ್ತು ವರ್ಷ ತುಂಬಿರಲಿಲ್ಲ. ಅವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದ್ದು, ಅವುಗಳ ಸಂಖ್ಯೆ ಸಾವಿರವನ್ನು ಎಂದೋ ದಾಟಿದೆ. ಶಿಬಿರ ಮುಗಿದ ಮೇಲೆ ಪಾನಮುಕ್ತರಾದವರು ನವಜೀವನ ಸಮಿತಿಗಳಲ್ಲಿ ಕೂಡಿ ಒಬ್ಬರನ್ನೊಬ್ಬರು ಕಾಯುವರು. ಬಿಟ್ಟವನು ಬಿಡಬೇಕಾದವನ ಬಳಿ ಕುಳಿತುಕೊಳ್ಳುವ ಈ ಪದ್ಧತಿಯೇ ಎಲ್ಲೆಡೆಯೂ ಫಲ ಕೊಟ್ಟಿದೆ.

ವ್ರತವನ್ನು ಕೊಡುವವರೂ ತೆಗೆದುಕೊಳ್ಳುವವರೂ ಅರಿಯಬೇಕಾದ ವಿಷಯಗಳೂ ಇಲ್ಲಿವೆ. ತ್ಯಾಗದಲ್ಲಿ ಯಮ, ನಿಯಮಗಳೆಂದು ಎರಡು ಬಗೆ. ಯಾವಜ್ಜೀವವಾದುದು ಯಮ, ಒಂದು ದಿನ, ಒಂದು ಪಕ್ಷ, ಒಂದು ಮಾಸವೆಂದು ಕಾಲದ ಎಲ್ಲೆಯುಳ್ಳದ್ದು ನಿಯಮ. ಮದ್ಯತ್ಯಾಗವು ಯಾವಜ್ಜೀವದ್ದೇ ಆಗಬೇಕೆಂಬುದು ಗುರಿ. ಆದರೆ ನಡುಗುವ ಕೈಯವನಿಗೆ ಬದುಕಿನ ಉಳಿದೆಲ್ಲ ದಿನಗಳನ್ನು ಒಮ್ಮೆಗೇ ಹೊರಿಸಿದರೆ ಅವನು ಹೊರಲಾರನು. ಇಂದಿನ ಸೂರ್ಯೋದಯದಿಂದ ನಾಳೆಯ ಸೂರ್ಯೋದಯದವರೆಗೆ ಎಂಬ ನಿಯಮವನ್ನು ದಿನವೂ ಹೊಸದಾಗಿ ಹಿಡಿಯುವುದು ಅವನಿಗೆ ಸಾಧ್ಯ. ನಿಯಮಗಳ ಸರಮಾಲೆಯೇ ಕಾಲಾಂತರದಲ್ಲಿ ಯಮವಾಗಿ ನಿಲ್ಲುವುದು.

ಎರಡನೆಯ ವಿಷಯವು ಜೀವಕ್ಕೆ ಸಂಬಂಧಿಸಿದ್ದು. ಬಹುಕಾಲ, ಬಹಳವಾಗಿ ಕುಡಿದ ದೇಹವು ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ತಿರುಗಿಬೀಳುತ್ತದೆ. ಮೊದಲ ದಿನದಲ್ಲಿಯೇ ನಡುಕ, ಬೆವರು, ನಿದ್ರಾಹೀನತೆಗಳು ತೋರುವುವು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತಹ ಸೆಳೆತ ಬರುವುದುಂಟು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿಯ ಸ್ಥಿತಿಯುಂಟಾಗಿ, ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯವಾಗುವುದುಂಟು. ಆದುದರಿಂದ ಇಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದಾಗಲಿ, ಪ್ರಾಯಶ್ಚಿತ್ತವೆಂದು ಆ ದಿನಗಳಲ್ಲಿಯೇ ನಿರ್ಜಲ ಉಪವಾಸವನ್ನು ಹಿಡಿಸುವುದಾಗಲಿ ಕೂಡದು. ಬಿಡುವ ಮುನ್ನವೇ ವೈದ್ಯರ ಬಳಿ ಹೋಗಬೇಕು. ಅವರು ನರಗಳನ್ನು ಶಮನಗೊಳಿಸುವ ಔಷಧವನ್ನು ಕ್ರಮವಾಗಿ ಕಡಿಮೆ ಮಾಡುತ್ತ ಕೊಡುವರು. ಕುಡಿತದಿಂದ ಕುಂದಿದ ಬಿ-1 ಜೀವಸತ್ತ್ವವನ್ನು ತುಂಬುವರು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿಯನ್ನರಿತು ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಿಲ್ಲ. ಅನಶನವು ಬಾಹ್ಯ ತಪಸ್ಸು. ವೈಯಾವೃತ್ತ್ಯವು ಅಂತರಂಗ ತಪಸ್ಸು. ಮಗನು ಆಸ್ಪತ್ರೆಯಲ್ಲಿರುವಾಗ ತಂದೆಯು ಉಪವಾಸವನ್ನು ತಪ್ಪಿಸಿ ಅವನ ಮಗ್ಗುಲಲ್ಲಿ ಕುಳಿತರೆ ತಪಸ್ಸಿಗೆ ಕುಂದು ಬಂದಿತೆಂದು ಯಾರೂ ಭಾವಿಸಬೇಕಾಗಿಲ್ಲ.

ಮೂರನೆಯದು, ಮರಳಿ ಜಾರುವಿಕೆ. ಆರು ತಿಂಗಳು ನೆಟ್ಟಗಿದ್ದವನು ಒಂದು ದಿನ ಕುಡಿದು ಬಂದರೆ ಮನೆಯವರು ಎಲ್ಲ ಮುಗಿಯಿತೆಂದು ಕೈಚೆಲ್ಲುವರು. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಮೋಹನೀಯದ ಉಪಶಮಕ್ಕೂ ಕ್ಷಯಕ್ಕೂ ಇರುವ ಭೇದವನ್ನು ಆಚಾರ್ಯರು ಕೆಸರು ನೀರಿನ ದೃಷ್ಟಾಂತದಿಂದ ತಿಳಿಸುವರು. ಕತಕಬೀಜವನ್ನು, ಎಂದರೆ ಚಿಲ್ಲದ ಬೀಜವನ್ನು, ತೇಯ್ದು ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಆದರೆ ಪಾತ್ರೆಯು ಅಲುಗಿದರೆ ಮತ್ತೆ ಕದಡುತ್ತದೆ. ಹನ್ನೊಂದನೆಯ ಗುಣಸ್ಥಾನವಾದ ಉಪಶಾಂತಮೋಹದವರೆಗೆ ಏರಿದ ಮುನಿಯೂ ಅಲ್ಲಿಂದ ಇಳಿಯಲೇಬೇಕೆಂದ ಮೇಲೆ, ಬ್ರೂಕ್‌ಫೀಲ್ಡಿನ ಬಾಡಿಗೆ ಕೋಣೆಯ ತರುಣನು ಒಮ್ಮೆ ಕದಡಿದರೆ ಆಶ್ಚರ್ಯವೇನು? ಅದಕ್ಕಾಗಿಯೇ ಚಾರಿತ್ರದ ಐದು ಭೇದಗಳಲ್ಲಿ ಛೇದೋಪಸ್ಥಾಪನಾ ಎಂಬುದೊಂದನ್ನು ಇಟ್ಟಿರುವರು. ವ್ರತಕ್ಕೆ ಛೇದ ಬಂದಾಗ ಮತ್ತೆ ಉಪಸ್ಥಾಪನೆ ಮಾಡಿಕೊಳ್ಳುವುದೇ ಅದು. ಮಹಾವ್ರತಿಗಳಿಗೇ ಮರಳಿ ನಿಲ್ಲುವ ಅವಕಾಶವಿರುವಾಗ ಅಣುವ್ರತವನ್ನೂ ಸರಿಯಾಗಿ ಹಿಡಿಯದ ಮಗನಿಗೆ ಅದಿಲ್ಲವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಬ್ರೂಕ್‌ಫೀಲ್ಡಿನಂಥ ಸ್ಥಳದಲ್ಲಿರುವ ಶ್ರಾವಕ ಕುಟುಂಬವು ಮಾಡಬೇಕಾದುದೇನು? ನಾಲ್ಕು ದಾನಗಳೇ ಇದಕ್ಕೆ ಉತ್ತರ. ಮೊದಲನೆಯದು ಆಹಾರದಾನ. ಒಂಟಿಯಾಗಿರುವ ತರುಣನನ್ನು ಪರ್ವದ ಪಾರಣೆಗೆ, ಭಾನುವಾರದ ಊಟಕ್ಕೆ ಮನೆಗೆ ಕರೆಯುವುದು. ಸಂಜೆ ಸೂರ್ಯಾಸ್ತಕ್ಕೆ ಮೊದಲು ಒಂದು ಮನೆಯಲ್ಲಿ ತನಗೆ ಎಲೆ ಹಾಕಿದೆಯೆಂದು ತಿಳಿದವನ ಹೆಜ್ಜೆ ಮದ್ಯದಂಗಡಿಯ ಕಡೆಗೆ ತಡವಾಗಿ ಹೋಗುತ್ತದೆ. ಎರಡನೆಯದು ಔಷಧದಾನ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ವಿಭಾಗವಿದೆ. ಮೊದಲ ದಿನ ಅವನ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು. ವ್ಯಸನಮುಕ್ತಿಗಾಗಿ 14446, ಮನೋವೇದನೆಗಾಗಿ 14416 ಎಂಬ ಸರಕಾರದ ಉಚಿತ ದೂರವಾಣಿ ಸಂಖ್ಯೆಗಳನ್ನು ಮನೆಯ ಪಂಚಾಂಗದ ಮೇಲೆ ಬರೆದಿಡುವುದು. ಮೂರನೆಯದು ಶಾಸ್ತ್ರದಾನ. ಅವನು ಸ್ವಸ್ಥನಾಗಿರುವ ಹೊತ್ತಿನಲ್ಲಿ ಕೂಡಿ ಸ್ವಾಧ್ಯಾಯ ಮಾಡುವುದು. ಕುಡಿದಿರುವಾಗ ಉಪದೇಶ ಮಾಡದಿರುವುದು. ನಾಲ್ಕನೆಯದೂ ಕಷ್ಟತಮವೂ ಆದುದು ಅಭಯದಾನ. ಜಾರಿದ ದಿನ ಅದನ್ನು ಹೇಳಿಕೊಳ್ಳಲು ಅವನಿಗೆ ಒಬ್ಬರಾದರೂ ಬೇಕು. ಹೇಳಿದ ಮಾತು ಆ ನಾಲ್ಕು ಗೋಡೆಗಳನ್ನು ದಾಟಬಾರದು.

ಅಭಯವೆಂದರೆ ಸಲಿಗೆಯಲ್ಲವೆಂಬುದನ್ನೂ ಹೇಳಬೇಕು. ಕುಡಿಯಲು ಹಣ ಕೊಡುವುದು, ಕಚೇರಿಗೆ ಅವನ ಪರವಾಗಿ ಸುಳ್ಳು ಹೇಳುವುದು, ಹೆಂಡತಿಯ ಮೇಲೆ ಕೈಮಾಡಿದುದನ್ನು ಸಹಿಸಿಕೊಳ್ಳೆಂದು ಸೊಸೆಗೆ ಬುದ್ಧಿ ಹೇಳುವುದು, ಇವು ವಾತ್ಸಲ್ಯವಲ್ಲ. ಚೇಲನೆಯು ಇಟ್ಟ ಆಸನಗಳು ಎರಡೇ, ಮೂರನೆಯದೊಂದಿರಲಿಲ್ಲ. ಮಗನ ಮೇಲಿನ ಪ್ರೀತಿಯಿಂದ ಅವಳು ರಾಗವನ್ನು ವೈರಾಗ್ಯವೆಂದು ಕರೆಯಲಿಲ್ಲ. ಮರಳಿ ಬಂದ ಮಗನಿಗೆ ಮನೆಯೂ ಹಾಗೆಯೇ ಸ್ಪಷ್ಟವಾಗಿರಬೇಕು: ಕುಳಿತುಕೊಳ್ಳಲು ಆಸನವಿದೆ, ಬಟ್ಟಲಿಗೆ ಸ್ಥಳವಿಲ್ಲ. ಇನ್ನೊಬ್ಬನನ್ನು ಎತ್ತಲು ಹೊರಡುವ ತರುಣನೂ ತನ್ನ ನೆಲೆಯನ್ನು ಮೊದಲು ನೋಡಿಕೊಳ್ಳತಕ್ಕದ್ದು. ವಾರಿಷೇಣನು ಅರಮನೆಗೆ ಹೋದರೂ ಅರಮನೆಯು ಅವನೊಳಗೆ ಹೋಗಲಿಲ್ಲವೆಂಬುದೇ ಅವನ ಬಲವಾಗಿತ್ತು.

ಸಮಾಜವು ಮಾಡಬೇಕಾದ ಇನ್ನೊಂದು ಕೆಲಸವಿದೆ. ವ್ರತಗಳ ಉದ್ಯಾಪನೆಯಲ್ಲಿ ದೀರ್ಘ ಉಪವಾಸ ಮಾಡಿದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವ ರೂಢಿಯಿದೆ, ಅದು ಇರಲಿ. ಒಂದು ವರ್ಷ ಮದ್ಯವನ್ನು ಮುಟ್ಟದೆ ಕಳೆದು, ಈಗ ಮತ್ತೊಬ್ಬನ ಜೊತೆ ಆಸ್ಪತ್ರೆಗೆ ಹೋಗುತ್ತಿರುವ ತರುಣನಿಗೆ ಶಾಲು ಬೇಡ. ಹೆಸರು ಹೊರಗೆ ಬರುವುದೂ ಅವನಿಗೆ ಬೇಡ. ಬಸದಿಗೆ ಅವನು ಬಂದಾಗ ಪಕ್ಕಕ್ಕೆ ಸರಿದು ಕುಳಿತುಕೊಳ್ಳದೆ ಪಕ್ಕದಲ್ಲಿಯೇ ಸ್ಥಳ ಮಾಡಿಕೊಟ್ಟರೆ ಸಾಕು. ಅವನ ಹಿಂದಿನ ದಿನಗಳನ್ನು ಕೆದಕದೆ, ಅಭಿಷೇಕದ ಕಳಶವನ್ನು ಅವನ ಕೈಗೂ ಕೊಟ್ಟರೆ ಸಾಕು.

ಪುಷ್ಪಡಾಲನು ನಿಂತುದರಿಂದ ವಾರಿಷೇಣನ ಹೆಸರು ಉಳಿಯಿತು. ಇಂದು ಕುಂದಲಹಳ್ಳಿಯ ಬೀದಿಯಲ್ಲಿ ಸ್ನೇಹಿತನ ತೋಳು ಹಿಡಿದು ಮನೆಗೆ ಕರೆತರುತ್ತಿರುವ ತರುಣನ ಹೆಸರು ಯಾವ ಪುರಾಣದಲ್ಲಿಯೂ ಬರಲಾರದು. ಆದರೂ ಸಮ್ಯಗ್ದರ್ಶನದ ಆರನೆಯ ಅಂಗವು ಆ ತೋಳಿನಲ್ಲಿ ಜೀವಂತವಾಗಿದೆ. ಚತುರ್ದಶಿಯ ಉಪವಾಸವನ್ನು ಕೈಕೊಳ್ಳುವ ಪ್ರತಿಯೊಬ್ಬರೂ, ಅಂತಹುದೇ ಒಂದು ಚತುರ್ದಶಿಯ ರಾತ್ರಿ ಉಪವಾಸವಿದ್ದ ಆ ಕುಮಾರನನ್ನು ಸ್ಮರಿಸಿ, ತಮ್ಮ ಪರಿಚಯದಲ್ಲಿ ಜಾರುತ್ತಿರುವ ಒಬ್ಬನ ಬಳಿಗೆ ಅಂದೇ ಹೋಗಿ ಕುಳಿತುಕೊಳ್ಳಲಿ. ಸರ್ವರಿಗೂ ಧರ್ಮವೃದ್ಧಿಯಾಗಲಿ.